ಆಟದ ಬಯಲು ಮನೆಯಾಗುವ ಬಗೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಜನರ ಅನುಭವದ ಮಾತು. ಆದರೆ ಕಟ್ಟಿದ ಮನೆಯನ್ನು ತನ್ನದೆಂದುಕೊಳ್ಳುವುದು ಕಟ್ಟುವುದಕ್ಕಿಂತಲೂ ನಿಧಾನವಾದ ಕೆಲಸ. ಗೃಹಪ್ರವೇಶದ ದಿನ ಹಾಲು ಉಕ್ಕಿಸಿ ನೆಂಟರಿಗೆ ಊಟ ಬಡಿಸಿದ ಮಾತ್ರಕ್ಕೆ ಹೊಸ ಮನೆ ನಮ್ಮದಾಗಿಬಿಡುವುದಿಲ್ಲ. ಕತ್ತಲೆಯಲ್ಲಿ ತಡಕಾಡದೆ ದೀಪದ ಗುಂಡಿ ಕೈಗೆ ಸಿಗುವುದಕ್ಕೇ ತಿಂಗಳುಗಳು ಬೇಕು. ಈ ಮಾತು ಆಟದ ತಂಡಗಳಿಗೂ ಅವುಗಳನ್ನು ಪ್ರೀತಿಸುವ ಅಭಿಮಾನಿಗಳಿಗೂ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಬೆಂಗಳೂರಿನ ಒಂದು ಫುಟ್‌ಬಾಲ್ ತಂಡದ ನಿದರ್ಶನದಿಂದ ವಿವರಿಸುವುದೇ ಈ ಲೇಖನದ ಉದ್ದೇಶ.

ಗಂಜಾಮಿನ ಹುಡುಗಿಗೆ ಫುಟ್‌ಬಾಲಿನ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ನಮ್ಮ ಕಡೆ ಸುಗ್ಗಿ ಮುಗಿದ ಗದ್ದೆಗಳಲ್ಲಿ ಹುಡುಗರು ಆಡುವುದು ಕ್ರಿಕೆಟ್. ಜಾತ್ರೆಗಳಲ್ಲಿ ನಡೆಯುವುದು ಕಬಡ್ಡಿ ಮತ್ತು ಕುಸ್ತಿ. ಕಾಲ್ಚೆಂಡು ನಮ್ಮ ಊರಿನ ಮಕ್ಕಳ ಕಾಲಿಗೆ ಸಿಕ್ಕಿದ್ದೇ ಅಪರೂಪ. ಆದರೂ ಈ ಆಟ ನಮ್ಮ ನಾಡಿಗೆ ಹೊಸದಲ್ಲ. 1937ರಲ್ಲಿಯೇ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ, ಬ್ರಿಟಿಷ್ ಸೈನ್ಯದ ತಂಡಗಳು ಗೆಲ್ಲುತ್ತಿದ್ದ ರೋವರ್ಸ್ ಕಪ್ಪನ್ನು ಗೆದ್ದುಕೊಂಡು ಬಂದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿ ಫ್ರಾನ್ಸ್ ದೇಶದೆದುರು 2–1ರಿಂದ ಸೋತರು. ಅಂದು ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಮೈಸೂರು ಸಂಸ್ಥಾನದ ಹೆಸರಿನಲ್ಲಿಯೂ ಅನಂತರ ಮೈಸೂರು ರಾಜ್ಯದ ಹೆಸರಿನಲ್ಲಿಯೂ ನಮ್ಮ ತಂಡ 1946–47, 1952–53, 1967–68 ಮತ್ತು 1968–69ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಹಲಸೂರಿನ ಗೌತಮಪುರದಲ್ಲಿ ಬ್ರೆಜಿಲ್ಲಿನ ಆಟಗಾರ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಇಷ್ಟೆಲ್ಲ ಇದ್ದರೂ ಆ ಬಳಿಕ ನಾಡಿನ ಫುಟ್‌ಬಾಲಿಗೆ ದೀರ್ಘವಾದ ಗ್ರಹಣ ಹಿಡಿಯಿತು. ಸಂತೋಷ್ ಟ್ರೋಫಿ ಮತ್ತೆ ನಮ್ಮ ಕೈಸೇರಿದ್ದು 54 ವರ್ಷಗಳ ಮೇಲೆ, 2023ರ ಮಾರ್ಚ್ 4ರಂದು, ದೂರದ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ.

ಈ ಗ್ರಹಣದ ನಡುವೆ, 2013ರಲ್ಲಿ, ಬೆಂಗಳೂರು ಎಫ್.ಸಿ. ಎಂಬ ಹೊಸ ತಂಡ ಹುಟ್ಟಿತು. ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ ಅದರ ಮೊದಲ ತವರು. ಅದು ಎಂಟು ಸಾವಿರ ಜನರಿಗೆ ಸ್ವಲ್ಪ ಹೆಚ್ಚು ಮಂದಿ ಕೂರಬಹುದಾದ ಚಿಕ್ಕ ಜಾಗ. ಫುಟ್‌ಬಾಲಿಗೆಂದೇ ಇರುವ ಜಾಗ. 2013ರ ಸೆಪ್ಟೆಂಬರ್ 22ರಂದು ಕೋಲ್ಕತ್ತದ ಹಿರಿಯ ತಂಡವಾದ ಮೋಹನ್ ಬಾಗಾನಿನೊಡನೆ ನಡೆದ ಮೊದಲ ಪಂದ್ಯ 1–1ರಲ್ಲಿ ಸಮವಾಯಿತು. ಹೊಸ ಮಗು ಅಂಬೆಗಾಲಿಡುತ್ತದೆ ಎಂದು ಎಲ್ಲರೂ ಭಾವಿಸಿದ್ದರೆ, ಅದು ಓಡಿಯೇ ಬಿಟ್ಟಿತು. ಸುನಿಲ್ ಛೇತ್ರಿಯವರ ನಾಯಕತ್ವದಲ್ಲಿ 2014ರ ಏಪ್ರಿಲ್‌ನಲ್ಲಿ ಐ-ಲೀಗ್ ಪ್ರಶಸ್ತಿ ಮೊದಲ ವರ್ಷದಲ್ಲಿಯೇ ಬೆಂಗಳೂರಿಗೆ ಬಂದಿತು.

ಆ ಚಿಕ್ಕ ಕ್ರೀಡಾಂಗಣದ ಪಶ್ಚಿಮ ದಿಕ್ಕಿನ ಮೆಟ್ಟಿಲುಗಳಲ್ಲಿ ಒಂದಷ್ಟು ಮಂದಿ ಪ್ರತಿ ಪಂದ್ಯಕ್ಕೂ ಒಟ್ಟಿಗೆ ನಿಂತು ಹಾಡುತ್ತಿದ್ದರು, ಡೋಲು ಬಾರಿಸುತ್ತಿದ್ದರು. ನಿಂತ ಜಾಗವೇ ಅವರ ಗುಂಪಿಗೆ ಹೆಸರಾಯಿತು: ವೆಸ್ಟ್ ಬ್ಲಾಕ್ ಬ್ಲೂಸ್, ಎಂದರೆ ಪಶ್ಚಿಮದ ಕಟ್ಟೆಯ ನೀಲಿಗರು. ಎರಡನೆಯ ವರ್ಷಕ್ಕೆ ತಂಡ ಅಲ್ಲಿಂದ ಎರಡು ಮೈಲಿಯೂ ಇಲ್ಲದ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಬಂದಿತು. ಹೆಸರು ಕೊಟ್ಟ ಕಟ್ಟೆ ಹಿಂದೆ ಉಳಿಯಿತು. ಹೆಸರು ಮಾತ್ರ ಜನರೊಡನೆ ಹೊರಟು ಬಂದಿತು. ಇದು ನನಗೆ ಬಹು ಅರ್ಥವತ್ತಾಗಿ ತೋರುತ್ತದೆ. ಶಿರಾದಿಂದ ಬಲವಂತವಾಗಿ ಕರೆತಂದ ಕುಟುಂಬಗಳಿಂದ ಟಿಪ್ಪುಸುಲ್ತಾನನ ಕಾಲದಲ್ಲಿ ತುಂಬಿದ ಪೇಟೆ ನಮ್ಮ ಗಂಜಾಂ. ಊರು ಬಿಟ್ಟು ಬಂದವರು ಗಂಟಿನಲ್ಲಿ ಕಟ್ಟಿ ತರುವುದು ಪಾತ್ರೆ ಪಡಗವನ್ನಷ್ಟೇ ಅಲ್ಲ. ಕಸುಬನ್ನು, ದೇವರನ್ನು, ಹೆಸರನ್ನೂ ತರುತ್ತಾರೆ.

ಹೊಸ ಕ್ರೀಡಾಂಗಣ ದೊಡ್ಡದು. ಸುಮಾರು 25 ಸಾವಿರ ಜನ ಹಿಡಿಸುವಷ್ಟು ವಿಶಾಲ. ಚಿಕ್ಕ ಮನೆಯಿಂದ ದೊಡ್ಡ ಮನೆಗೆ ಹೋದರೆ ಸಂತೋಷವಲ್ಲವೇ? ಹೌದು, ಆದರೆ ಸಂತೋಷದೊಡನೆ ಒಂದು ತೊಡಕೂ ಬಂದಿತು. ಕಂಠೀರವವು ಅಂಕಣದ ಸುತ್ತ ಓಟದ ಪಥವಿರುವ ಕ್ರೀಡಾಂಗಣ. 400 ಮೀಟರಿನ ಪ್ರಮಾಣಬದ್ಧ ಪಥದಲ್ಲಿ ಎಂಟು ಸಾಲುಗಳಿದ್ದರೆ ಅವುಗಳ ಅಗಲವೇ ಹತ್ತು ಮೀಟರಿಗೆ ಹತ್ತಿರ. ಪಥವು ಎರಡು ತುದಿಗಳಲ್ಲಿ ಅರ್ಧವೃತ್ತವಾಗಿ ಬಳಸುವುದರಿಂದ, ಅದರೊಳಗಿನ ಬಯಲು ಉದ್ದದಲ್ಲಿ ಸುಮಾರು 157 ಮೀಟರ್ ಆಗುತ್ತದೆ. ಫುಟ್‌ಬಾಲ್ ಅಂಕಣದ ಉದ್ದ 105 ಮೀಟರ್ ಮಾತ್ರ. ಆದ್ದರಿಂದ ಒಂದೊಂದು ಗೋಲಿನ ಹಿಂದೆಯೂ ಸುಮಾರು 26 ಮೀಟರ್ ಬರಿದಾದ ನೆಲ ಉಳಿಯುತ್ತದೆ. ಅದರಾಚೆ ಪಥ, ಪಥದಾಚೆ ಪ್ರೇಕ್ಷಕ. ಹೀಗೆ ಗೋಲಿನ ಹಿಂದೆ ಕುಳಿತವನಿಗೂ ಗೋಲಿಗೂ ನಡುವೆ 35 ಮೀಟರಿಗಿಂತ ಹೆಚ್ಚು ಅಂತರ ಬಿದ್ದುಬಿಡುತ್ತದೆ. ಅಷ್ಟು ದೂರದಿಂದ ಆಟಗಾರನ ಮುಖಭಾವ ಕಾಣುವುದಿಲ್ಲ. ಒಬ್ಬನೇ ಕೂಗಿದರೆ ಅವನಿಗೆ ಕೇಳುವುದೂ ಇಲ್ಲ.

ಕೂಗಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶಬ್ದವು ಗಾಳಿಯಲ್ಲಿ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಇನ್ನೂರು ಮೀಟರ್ ಆಚೆ ಬಾರಿಸಿದ ಡೋಲಿನ ಪೆಟ್ಟು ನಮ್ಮ ಕಿವಿಗೆ ಬೀಳುವುದು ಅರ್ಧ ಸೆಕೆಂಡಿಗೂ ಮೀರಿದ ಮೇಲೆ. ಆ ಪೆಟ್ಟಿಗೆ ನಾವು ಚಪ್ಪಾಳೆ ಸೇರಿಸಿದರೆ ಆಗಲೇ ತಾಳ ತಪ್ಪಿರುತ್ತದೆ. ಆದ್ದರಿಂದ ದೊಡ್ಡ ಬಟ್ಟಲಿನಂಥ ಕ್ರೀಡಾಂಗಣದಲ್ಲಿ ಚದುರಿ ಕುಳಿತ ಹತ್ತು ಸಾವಿರ ಜನರ ದನಿ ಬರಿಯ ಗದ್ದಲವಾದರೆ, ಒತ್ತಾಗಿ ನಿಂತ ಐನೂರು ಜನರ ದನಿ ಹಾಡಾಗುತ್ತದೆ. ಹಾಡುವ ಗುಂಪು ಒಂದೇ ಮೂಲೆಯಲ್ಲಿ ನಿಲ್ಲಬೇಕೆಂದು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ. ನಮ್ಮ ಶ್ರೀರಂಗಪಟ್ಟಣದಲ್ಲಿ ರಥಸಪ್ತಮಿಯ ದಿನ ರಂಗನಾಥಸ್ವಾಮಿಯ ತೇರು ಎಳೆಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಹಗ್ಗಕ್ಕೆ ನೂರಾರು ಕೈ ಬಿದ್ದರೂ ಗಾಲಿ ಕದಲುವುದು ಎಲ್ಲರೂ ಒಂದೇ ಉಸಿರಿಗೆ ಎಳೆದಾಗ ಮಾತ್ರ.

ಈ ತೊಡಕು ಬೆಂಗಳೂರಿಗೆ ಮಾತ್ರ ಬಂದದ್ದಲ್ಲ. ಲಂಡನ್ನಿನ ವೆಸ್ಟ್ ಹ್ಯಾಮ್ ಯುನೈಟೆಡ್ ತಂಡ 1904ರಿಂದ ಆಡಿಕೊಂಡು ಬಂದಿದ್ದ ಅಪ್ಟನ್ ಪಾರ್ಕನ್ನು ಬಿಟ್ಟು 2016ರಲ್ಲಿ ಒಲಿಂಪಿಕ್ಸಿಗಾಗಿ ಕಟ್ಟಿದ್ದ ದೊಡ್ಡ ಕ್ರೀಡಾಂಗಣಕ್ಕೆ ಹೋಯಿತು. ಆಸನಗಳು ಹೆಚ್ಚಿದವು, ಆಟ ದೂರವಾಯಿತು. ತಮ್ಮ ಮನೆಯನ್ನು ಯಾರೋ ಮಾರಿಬಿಟ್ಟರೆಂದು ಅಭಿಮಾನಿಗಳು ನೊಂದರು. 2018ರ ಮಾರ್ಚ್‌ನಲ್ಲಿ ಅವರಲ್ಲಿ ಕೆಲವರು ಪಂದ್ಯದ ನಡುವೆ ಅಂಕಣಕ್ಕೇ ನುಗ್ಗಿ ಪ್ರತಿಭಟಿಸಿದರು. ಹೊಸ ಕಟ್ಟಡ ಎಷ್ಟೇ ಭವ್ಯವಾಗಿರಲಿ, ಅಲ್ಲಿ ನೆನಪುಗಳು ಇಲ್ಲದಿದ್ದರೆ ಅದು ಛತ್ರವೇ ಹೊರತು ಮನೆಯಲ್ಲ.

ಹಾಗಾದರೆ ಕಂಠೀರವ ಮನೆಯಾದದ್ದು ಯಾವಾಗ? ನನ್ನ ದೊಡ್ಡಪ್ಪನ ಮಗ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾನೆ. ಭಾನುವಾರದ ರಜೆಯನ್ನು ಈ ತಂಡಕ್ಕೆ ಮೀಸಲಿಟ್ಟವನು. ಗೆಲುವಿನ ಕಥೆ ಹೇಳೆಂದು ನಾನು ಕೇಳಿದರೆ ಅವನು ಹೇಳಿದ್ದು ಸೋಲಿನಂಥ ಒಂದು ಕಥೆಯನ್ನು. 2015ರ ಮೇ 31ರ ಸಂಜೆ, ಲೀಗಿನ ಕಡೆಯ ಪಂದ್ಯ. ಎದುರಾಳಿ ಮತ್ತೆ ಮೋಹನ್ ಬಾಗಾನ್. ಬೆಂಗಳೂರು ಗೆದ್ದರೆ ಪ್ರಶಸ್ತಿ ಬೆಂಗಳೂರಿಗೆ, ಸಮವಾದರೆ ಬಾಗಾನಿಗೆ. ಮೊದಲರ್ಧದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದರು. ಇನ್ನು ಮೂರೇ ನಿಮಿಷ ಉಳಿದಿರಲು, 87ನೆಯ ನಿಮಿಷದಲ್ಲಿ, ಬಾಗಾನಿನ ಬೆಲ್ಲೊ ರಜಾಕ್ ಚೆಂಡನ್ನು ತಲೆಯಿಂದ ಬಲೆಗೆ ದೂಡಿದರು. ಪಂದ್ಯ 1–1. ತಮ್ಮ ಹೊಸ ಮನೆಯಲ್ಲಿಯೇ ಪರರು ಪ್ರಶಸ್ತಿ ಎತ್ತಿ ಕುಣಿಯುವುದನ್ನು ಬೆಂಗಳೂರಿನವರು ನೋಡಬೇಕಾಯಿತು. “ಗೆದ್ದಿದ್ದೆಲ್ಲ ಮರ್ತೋಯ್ತದೆ ಕಣವ್ವ, ಆ ಸಾಯಂಕಾಲ ಮಾತ್ರ ಮರೆಯಾಕಾಗಲ್ಲ. ಅವತ್ತಿಂದ ಅದು ನಮ್ಮ ಜಾಗ ಆಗೋಯ್ತು” ಎಂದ ನಮ್ಮಣ್ಣ.

ನಾನು ಹೇಳಬೇಕೆಂದಿರುವ ಮಾತೂ ಇದೇ. ಮೊದಲ ದಿನದ ಬಣ್ಣ, ದೀಪ, ಭಾಷಣಗಳಿಂದ ಕ್ರೀಡಾಂಗಣ ತೆರೆಯುತ್ತದೆ, ಅಷ್ಟೆ. ಒಟ್ಟಿಗೆ ಸೋತು, ಒಟ್ಟಿಗೆ ಮರಳಿ ಬಂದಾಗ ಅದು ಮನೆಯಾಗುತ್ತದೆ. ಬೆಂಗಳೂರಿನ ಜನ ಮರಳಿ ಬಂದರು. ಮರುವರ್ಷ, 2016ರ ಏಪ್ರಿಲ್ 17ರಂದು, ಅದೇ ಕಂಠೀರವದಲ್ಲಿ ಗೋವೆಯ ಸಾಲ್ಗಾಂವ್ಕರ್ ತಂಡವನ್ನು 2–0ರಿಂದ ಸೋಲಿಸಿ ಐ-ಲೀಗನ್ನು ಮತ್ತೆ ಪಡೆದರು. ಅದೇ ವರ್ಷ ಅಕ್ಟೋಬರ್ 19ರಂದು ಎ.ಎಫ್.ಸಿ. ಕಪ್ಪಿನ ಸೆಮಿಫೈನಲ್. ಹಿಂದಿನ ವರ್ಷ ಆ ಕಪ್ಪನ್ನು ಗೆದ್ದಿದ್ದ ಮಲೇಷ್ಯದ ಜೊಹೊರ್ ತಂಡವೇ ಮೊದಲು ಗೋಲು ಹೊಡೆಯಿತು. ಛೇತ್ರಿ ಎರಡು, ಹುವಾನನ್ ಒಂದು ಗೋಲು ತಿರುಗಿಸಿ 3–1ರಿಂದ ಗೆದ್ದುಕೊಟ್ಟರು. ಆ ಕಪ್ಪಿನ ಅಂತಿಮ ಪಂದ್ಯಕ್ಕೆ ಭಾರತದ ತಂಡವೊಂದು ಹೋದದ್ದು ಅದೇ ಮೊದಲು. ಅಂತಿಮ ಪಂದ್ಯ ನವೆಂಬರ್ 5ರಂದು ದೋಹಾದಲ್ಲಿ ನಡೆದು, ಇರಾಕಿನ ತಂಡದೆದುರು ಒಂದು ಗೋಲಿನಿಂದ ಕೈತಪ್ಪಿತು.

ನಾನು ಎರಡನೆಯ ಬಿ.ಎ. ತರಗತಿಯಲ್ಲಿದ್ದಾಗ ಅಣ್ಣನೊಡನೆ ಒಂದು ಪಂದ್ಯವನ್ನು ನೋಡಿ ಬಂದೆ. ಶ್ರೀರಂಗಪಟ್ಟಣದಲ್ಲಿ ರೈಲು ಹತ್ತಿ, ಮೆಜೆಸ್ಟಿಕ್ಕಿನಿಂದ ಮೆಟ್ರೋ ಹಿಡಿದು, ಕಬ್ಬನ್ ಪಾರ್ಕಿನ ಮರಗಳ ನಡುವೆ ನಡೆದು ಹೋದೆವು. ಹಾಡಿಸುವ ಮುಂದಾಳು ಆಟಕ್ಕೆ ಬೆನ್ನು ತಿರುಗಿಸಿ ನಿಂತಿದ್ದುದೇ ನನಗೆ ಎಲ್ಲಕ್ಕಿಂತ ಹೆಚ್ಚಿನ ಸೋಜಿಗ. ತನ್ನ ಪ್ರೀತಿಯ ತಂಡದ ಆಟವನ್ನು ನೋಡುವ ಭಾಗ್ಯವನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟು, ಉಳಿದವರ ದನಿ ಒಂದಾಗುವಂತೆ ಆತ ಕೈಬೀಸುತ್ತಿದ್ದ. ಅಕ್ಕಪಕ್ಕದವರು ಯಾರೂ ನನ್ನ ಊರು, ಜಾತಿ, ಓದು ಏನೆಂದು ಕೇಳಲಿಲ್ಲ. ಚಪ್ಪಾಳೆಯ ತಾಳ ಬರುತ್ತದೆಯೇ ಎಂದಷ್ಟೇ ನೋಡಿದರು. ಅರ್ಧ ಗಂಟೆಯಲ್ಲಿ ತಾಳ ಬಂದಿತು.

ಆದರೆ ‘ನಮ್ಮ ಮನೆ’ ಎಂಬ ಮಾತಿನಲ್ಲಿ ಒಂದು ಅಪಾಯವೂ ಇದೆ. ಕಂಠೀರವವು 1997ರ ರಾಷ್ಟ್ರೀಯ ಕ್ರೀಡಾಕೂಟವನ್ನು ಕಂಡ ಸಾರ್ವಜನಿಕ ಕ್ರೀಡಾಂಗಣ. ಫುಟ್‌ಬಾಲ್ ಅಭಿಮಾನಿಗೆ ಅಡ್ಡಿಯಾಗಿ ಕಾಣುವ ಆ ಪಥವೇ ಓಟಗಾರನಿಗೆ ಅನ್ನ ಮತ್ತು ಆಸೆ. ಫುಟ್‌ಬಾಲಿಗಾಗಿ ತಮ್ಮ ಅಭ್ಯಾಸಕ್ಕೆ ತೊಂದರೆಯಾಗುತ್ತಿದೆ ಎಂದು ಓಟಗಾರರೂ ಅವರ ತರಬೇತುದಾರರೂ ದೂರಿದರು. ತಕರಾರು ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಅವರ ದೂರಿನಲ್ಲಿ ನ್ಯಾಯವಿಲ್ಲವೆನ್ನಲಾಗದು. ಬೆಳಗಿನ ಐದು ಗಂಟೆಗೆ ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ಅಲ್ಲಿ ಓಡುತ್ತಿದ್ದರೆ, ಅವಳಿಗಾಗಿ ಹಾಡುವವರು ಯಾರೂ ಇರುವುದಿಲ್ಲ. ಆದರೂ ಅದು ಅವಳ ಮನೆಯೂ ಹೌದು. ಒಂದೇ ಬಾವಿಯ ನೀರನ್ನು ಎರಡು ಕೇರಿಗಳು ಸೇದುವಂತೆ, ಹೊತ್ತು ಹಂಚಿಕೊಂಡು ಬದುಕುವುದೊಂದೇ ಇದಕ್ಕೆ ದಾರಿ. ನಮ್ಮದು ಎನ್ನುವ ಹಕ್ಕು ಇತರರನ್ನು ಹೊರಗೆ ನಿಲ್ಲಿಸುವ ಹಕ್ಕಾಗಬಾರದು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ಸರ್ಕಾರಿ ಕಟ್ಟಡವೊಂದು ನಮ್ಮಂಥವರದಾಗುವುದು ಹೇಗೆ ಎಂಬ ಪ್ರಶ್ನೆ ನನಗೆ ಬರಿಯ ಆಟದ ಪ್ರಶ್ನೆಯಲ್ಲ. ಪ್ರವೇಶದ ದಿನ ಹಾರ ಹಾಕಿ ಸ್ವಾಗತಿಸಿದರೂ ಅದು ನಮ್ಮದೆನಿಸುವುದಿಲ್ಲ. ದಿನವೂ ಬಂದು, ಜೊತೆಯವರ ಸುಖದುಃಖಗಳಲ್ಲಿ ಪಾಲುಗೊಂಡು, ಒಂದು ಬೆಂಚಿಗೆ, ಒಂದು ಮರದ ನೆರಳಿಗೆ ಹೆಸರಿಟ್ಟುಕೊಂಡಾಗ ಅದು ನಮ್ಮದಾಗುತ್ತದೆ. ಈ ವರ್ಷ ಕಾಲೇಜು ಬಿಟ್ಟು ಹೋಗುವ ನಾವು ಕಟ್ಟೆಯನ್ನು ಹೊತ್ತೊಯ್ಯಲಾರೆವು, ಹೆಸರನ್ನು ಒಯ್ಯಬಲ್ಲೆವು. ಮುಂದಿನ ಜೂನ್‌ನಲ್ಲಿ ಹೊಸದಾಗಿ ಬಂದು, ಕಡೆಯ ಬೆಂಚಿನ ತುದಿಯಲ್ಲಿ ಅಳುಕುತ್ತ ಕೂರುವವರಿಗೆ ಕಿರಿಯ ಮಿತ್ರರು ಸ್ವಲ್ಪ ಜಾಗ ಬಿಟ್ಟುಕೊಡಲಿ. ಅವರಿಗೂ ತಾಳ ಬಂದೇ ಬರುತ್ತದೆ.