ಬೋನ್‌ನಲ್ಲಿ ಇನ್ನೂ ತಿರುಗುತ್ತಿದೆ ಸಾಸಿವೆಯ ಬೀಸುಕಲ್ಲು

ಫ್ರಾನ್ಸಿನ ಬರ್ಗಂಡಿ ಸೀಮೆಯ ಬೋನ್ ಪಟ್ಟಣಕ್ಕೆ ಜನ ಬರುವುದು ವೈನ್‌ಗಾಗಿ, ಇಲ್ಲವೆ 1443ರಲ್ಲಿ ಸ್ಥಾಪನೆಯಾದ, ಬಣ್ಣದ ಹೆಂಚಿನ ಹಳೆಯ ಧರ್ಮಾಸ್ಪತ್ರೆ ನೋಡಲು. ಎಡ್ಮಂಡ್ ಫಾಲೋ ಸಾಸಿವೆ ಕಾರ್ಖಾನೆಗೆ ಬರುವವರು ಅವರಿಗಿಂತ ಕಡಿಮೆ. ಬರಬೇಕಿತ್ತು. ಒಳಗೆ ಕಾಲಿಟ್ಟ ಕೂಡಲೇ ಘಾಟು ಮೂಗಿಗೇರಿ ಕಣ್ಣಲ್ಲಿ ನೀರು ತರಿಸುತ್ತದೆ.

ಕಾರ್ಖಾನೆ ಶುರುವಾದದ್ದು 1840ರಲ್ಲಿ. ಎಡ್ಮಂಡ್ ಫಾಲೋ ಕೈಗೆ ಬಂದದ್ದು 1928ರಲ್ಲಿ. ಮುಂದೆ ಅವರ ಮೊಮ್ಮಗ ಮಾರ್ಕ್ ದೆಸಾರ್ಮೆನಿಯನ್ ನಡೆಸಿಕೊಂಡು ಬಂದರು. 2003ರಲ್ಲಿ ಒಂದು ವಸ್ತುಸಂಗ್ರಹಾಲಯವೂ ಸೇರಿಕೊಂಡಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೀಸುಕಲ್ಲು. ಹುಳಿದ್ರವದಲ್ಲಿ ನೆನೆದ ಕಾಳು ಎರಡು ಕಲ್ಲುಗಳ ನಡುವೆ ನಿಧಾನ ನುರಿದು, ಅಂಚಿನಿಂದ ಹಳದಿ ಮುದ್ದೆಯಾಗಿ ಇಳಿಯುತ್ತದೆ. ಮಾತಿನಮಲ್ಲ ಕೆಲಸಗಾರರೊಬ್ಬರು ಕಲ್ಲಿನ ಗೀರುಗಳ ಮೇಲೆ ಬೆರಳಾಡಿಸುತ್ತ, ಅವು ಸವೆದಾಗ ಮತ್ತೆ ಕಚ್ಚು ಹಾಕುವುದು ಹೇಗೆಂದು ಬಿಡಿಸಿ ಬಿಡಿಸಿ ಹೇಳಿದರು. ಅವಸರ ಮಾಡಿದರೆ ಕಲ್ಲು ಕಾಯುತ್ತದೆ, ಕಾದರೆ ಘಾಟು ಹಾರಿಹೋಗುತ್ತದೆ ಎಂಬುದನ್ನು ಅವರು ಎಷ್ಟು ಸಲ ಹೇಳಿದರೂ ನನಗೆ ಬೇಸರವಾಗಲಿಲ್ಲ. ಆಗತಾನೆ ಅರೆದದ್ದು ಕಹಿ. ಕೆಲಕಾಲ ಇಟ್ಟರೇ ರುಚಿ.

ಸಾಸಿವೆಯ ಘಾಟು ನಮಗೂ ಗೊತ್ತಿರುವ ಸಂಗತಿ. ಅಲ್ಲಿ ಅರೆಯುವ ಕಂದು ಸಾಸಿವೆ, ಭಾರತದಲ್ಲಿ ಬೆಳೆಯುವ ಬ್ರಾಸಿಕಾ ಜುನ್ಸಿಯಾ ಜಾತಿಯದೇ. ಇಡೀ ಕಾಳಿನಲ್ಲಿ ಘಾಟಿಲ್ಲ. ಒಡೆದು ನೀರು ತಾಗಿದಾಗ ಒಳಗಿನ ಕಿಣ್ವ ಅದನ್ನು ಹುಟ್ಟಿಸುತ್ತದೆ. ಒಗ್ಗರಣೆಯ ಕಾದ ಎಣ್ಣೆಯಲ್ಲಿ ಕಿಣ್ವ ಸಾಯುವುದರಿಂದ ಸಿಡಿದ ಸಾಸಿವೆ ಮೂಗಿಗೇರುವುದಿಲ್ಲ. ಕರಾವಳಿಯವರು ತೆಂಗಿನಕಾಯಿ ಜತೆ ಹಸಿ ಸಾಸಿವೆ ಅರೆದು ಮಾಡುವ ಮಾವಿನಹಣ್ಣಿನ ಸಾಸಿವೆಯಲ್ಲಿ ಮಾತ್ರ ಬೋನ್‌ನ ಅದೇ ಚುರುಕು ಸಿಗುತ್ತದೆ.

ಬರ್ಗಂಡಿ ಸೀಮೆಯ ಕೊರಗು ತನ್ನ ಡಿಜಾನ್ ನಗರದ ಹೆಸರಿನದು. 1937ರ ಫ್ರೆಂಚ್ ಆದೇಶದ ಕಾಲದಿಂದಲೂ ಡಿಜಾನ್ ಸಾಸಿವೆ ಎಂದರೆ ತಯಾರಿಕೆಯ ಒಂದು ವಿಧಾನ, ಊರಿನ ಗುರುತಲ್ಲ. ಹಾಗಾಗಿ ಎಲ್ಲಿ ಬೇಕಾದರೂ ಮಾಡಬಹುದು. ಡಿಜಾನ್ ನಗರದೊಳಗಿನ ದೊಡ್ಡ ಕಾರ್ಖಾನೆ 2009ರಲ್ಲಿ ಮುಚ್ಚಿತು. ಕಾಳಿನ ಬಹುಪಾಲು ಬರುತ್ತಿದ್ದದ್ದೂ ಕೆನಡಾದಿಂದ. ಹಿಂದೆ ಬರ್ಗಂಡಿಯ ಕಾಡುಗಳಲ್ಲಿ ಇದ್ದಿಲು ಸುಡುವವರು ಬೂದಿ ಬೆರೆತ ನೆಲದಲ್ಲಿ ಸಾಸಿವೆ ಬಿತ್ತುತ್ತಿದ್ದರು. ಆ ಕಸುಬಿನ ಜತೆ ಬೆಳೆಯೂ ಹೋಯಿತು. ಬರ್ಗಂಡಿ ಸಾಸಿವೆಗೆ 2009ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿದ್ದು ದೊಡ್ಡ ಸಮಾಧಾನ: ಕಾಳೂ ಅಲ್ಲಿಯದೇ, ಬಿಳಿ ವೈನೂ ಅಲ್ಲಿಯದೇ ಆಗಿರಬೇಕು.

2021ರಲ್ಲಿ ಕೆನಡಾದಲ್ಲಿ ಬರ ಬಿದ್ದು, ಮರುವರ್ಷ ಫ್ರಾನ್ಸಿನ ಅಂಗಡಿಗಳಲ್ಲಿ ಸಾಸಿವೆಯೇ ಸಿಗದಾಯಿತು. ಆಮೇಲೆ ಬರ್ಗಂಡಿಯ ರೈತರು ಹೆಚ್ಚು ಹೊಲಗಳಲ್ಲಿ ಬಿತ್ತಿದರು. ಬೆಲೆಯೂ ಏರಿತು. ಆದರೆ ಕೀಟದ ಕಾಟ ತಪ್ಪಿಲ್ಲ. ಅಂಗಡಿಗಳಲ್ಲಿ ಶೀಶೆಗಳು ಮತ್ತೆ ತುಂಬಿವೆ ಎಂದು ಆ ರೈತರನ್ನು ಮರೆತರೆ, ಕಲ್ಲಿಗೆ ಹಾಕುವ ಕಾಳು ಮತ್ತೆ ಬಹುಪಾಲು ಹಡಗಿನಲ್ಲೇ ಬರಬೇಕಾದೀತು.