ಕೆಂಡದ ಕಾವಿನ ಕೋಳಿಸಾರು, ಮಣೆಯಿಂದಿಳಿದ ಸೇಮಿಗೆ

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಮಾಂಸಾಹಾರಿ ಮನೆಗಳಲ್ಲಿ ಕೋಳಿಸಾರು ಮತ್ತು ಸೇಮಿಗೆ ಒಂದೇ ತಟ್ಟೆಯ ಜೋಡಿಯಾಗಿದ್ದು, ಅಕ್ಕಿಯ ಎಳೆಗಳ ಮೇಲೆ ಬಿಸಿ ಸಾರು ಸುರಿದು ಉಣ್ಣುವ ಈ ಕ್ರಮವು ಹೊರನಾಡುಗಳಲ್ಲಿ ಚಿಕನ್ ನೂಡಲ್ ಸೂಪ್ ಎಂದು ಹೆಸರಾದ ಅಡುಗೆಗೆ ಈ ನೆಲದಲ್ಲಿ ಸಿಗುವ ಹತ್ತಿರದ ನೆಂಟ. ಘಟ್ಟದ ಮೇಲಿನವರು ಒತ್ತು ಶ್ಯಾವಿಗೆ ಎನ್ನುವುದೇ ಇಲ್ಲಿಯ ಸೇಮಿಗೆ. ಅದು ತುಳುವಿನಲ್ಲಿ ಸೇಮೆದ ಅಡ್ಯೆ, ಕ್ರೈಸ್ತರ ಕೊಂಕಣಿಯಲ್ಲಿ ಶೆವಯೊ, ಸುಳ್ಯದ ಗಡಿ ದಾಟಿ ಕೊಡಗಿಗೆ ಹೋದರೆ ನೂಪುಟ್ಟು. ಸಸ್ಯಾಹಾರಿ ಮನೆಗಳಲ್ಲಿ ಇದೇ ಸೇಮಿಗೆಗೆ ಮಾವಿನ ಅಥವಾ ಬಾಳೆಹಣ್ಣಿನ ರಸಾಯನ ಜೊತೆಯಾಗುತ್ತದೆ.

ಕೋಳಿಸಾರು, ಸೇಮಿಗೆ ಇವೆರಡರಲ್ಲಿ ಬರವಣಿಗೆಯ ದಾಖಲೆ ಸುಲಭವಾಗಿ ಸಿಗುವುದು ಶ್ಯಾವಿಗೆಗೆ. ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು (ಈತ ಶ್ರವಣಬೆಳಗೊಳದ ಚಾವುಂಡರಾಯನಲ್ಲ) 1025ರ ಸುಮಾರಿಗೆ ಬರೆದ ‘ಲೋಕೋಪಕಾರ’ದಲ್ಲಿ ಶ್ಯಾವಿಗೆ ಮಾಡುವ ವಿಧಾನವೂ ಅದನ್ನು ಒತ್ತುವ ಅಚ್ಚಿನ ಪ್ರಸ್ತಾಪವೂ ಬರುತ್ತವೆ. ಹಿಟ್ಟನ್ನು ಎಳೆಯಾಗಿಸಿ ತಿನ್ನುವ ಪದ್ಧತಿ ಜಗತ್ತಿನಲ್ಲಿ ಇದಕ್ಕಿಂತ ಬಹಳ ಹಳೆಯದು; ಚೀನಾದ ಲಾಜಿಯಾ ಎಂಬ ನೆಲೆಯಲ್ಲಿ ಸುಮಾರು 4000 ವರ್ಷಗಳಷ್ಟು ಹಿಂದಿನ, ಕಿರುಧಾನ್ಯದ ಎಳೆಗಳು ಮಣ್ಣಿನ ಬಟ್ಟಲೊಂದರ ಅಡಿಯಲ್ಲಿ ಸಿಕ್ಕಿದ್ದು 2005ರಲ್ಲಿ ಪ್ರಕಟವಾಯಿತು. ಆದರೆ ಕರಾವಳಿಯ ಸೇಮಿಗೆಯನ್ನು ರೂಪಿಸಿದ್ದು ಇಲ್ಲಿಯ ಕುಚ್ಚಲಕ್ಕಿ, ಅಂದರೆ ಭತ್ತವನ್ನು ಬೇಯಿಸಿ ಒಣಗಿಸಿದ ಮೇಲೆ ಮಿಲ್ಲು ಮಾಡಿದ ಅಕ್ಕಿ.

ಗೋಧಿಯಲ್ಲಿರುವ, ಹಿಟ್ಟನ್ನು ಹಿಗ್ಗಿಸುವ ಅಂಟು ಅಕ್ಕಿಯಲ್ಲಿ ಇಲ್ಲವಾದ್ದರಿಂದ ಅಕ್ಕಿಹಿಟ್ಟನ್ನು ಹಸಿಯಾಗಿಯೇ ಎಳೆದು ದಾರ ಮಾಡಲು ಬಾರದು. ಆದ್ದರಿಂದ ನೆನೆಸಿದ ಕುಚ್ಚಲಕ್ಕಿಯನ್ನು ತೆಂಗಿನ ತುರಿಯೊಡನೆ ನುಣ್ಣಗೆ ಅರೆದು, ಬಾಣಲೆಯಲ್ಲಿ ಕಾಯಿಸಿ ಮುದ್ದೆಯಾಗಿಸಿ, ಉಂಡೆ ಕಟ್ಟಿ, ತೊಂದೂರು ಎಂಬ ಹಬೆಪಾತ್ರೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಸೇಮಿಗೆ ಮಣೆ ಎಂಬ ತಿರುಪಿನ ಸಾಧನಕ್ಕೆ ಹಾಕಿ ಒತ್ತುತ್ತಾರೆ. ಉಂಡೆ ತಣಿದರೆ ಪಿಷ್ಟ ಬಿಗಿದುಕೊಂಡು ಮಣೆಯ ತಿರುಪು ತಿರುಗುವುದೇ ಕಷ್ಟ. ಅದೇ ಬಿಗಿತ ಒತ್ತಿದ ನಂತರ ಎಳೆಗಳಲ್ಲಿ ಬಂದರೆ ಅವು ಬಿಡಿಬಿಡಿಯಾಗಿ ನಿಂತು, ಸಾರು ಬಿದ್ದರೂ ಕರಗುವುದಿಲ್ಲ. ಒಬ್ಬರು ತಿರುಪು ತಿರುಗಿಸುವಾಗ ಇನ್ನೊಬ್ಬರು ಕೆಳಗೆ ಬಾಳೆಲೆಯನ್ನೋ ತಟ್ಟೆಯನ್ನೋ ಹಿಡಿದು ಸುತ್ತಿಸಬೇಕಾದ್ದರಿಂದ ಇದು ಒಂಟಿ ಕೈಯ ಅಡುಗೆಯಲ್ಲ, ನೆಂಟರು ಬಂದಾಗಿನ ಅಡುಗೆ.

ಸಾರಿನ ಚರಿತ್ರೆಯನ್ನು ಪುಸ್ತಕಗಳಿಗಿಂತ ಕೋಳಿಯ ಮೈಯಲ್ಲಿಯೇ ಹುಡುಕಬೇಕು. ತುಳುವಿನಲ್ಲಿ ಊರ ಕೋರಿ ಎನ್ನುವ ನಾಟಿ ಕೋಳಿಯು ಅಂಗಳ, ತೋಟ, ಗುಡ್ಡೆಗಳಲ್ಲಿ ಕೆದಕಿ ತಿಂದು ಬೆಳೆಯುತ್ತದೆ; ಅಡುಗೆಗೆ ಬರುವ ಹೊತ್ತಿಗೆ ಅದಕ್ಕೆ ಆರು ತಿಂಗಳು ದಾಟಿರುತ್ತದೆ, ದೈವಕ್ಕೆ ಬಡಿಸುವ ಅಗೆಲಿಗೆಂದು ಬಿಟ್ಟ ಹುಂಜವಾದರೆ ಇನ್ನೂ ಹೆಚ್ಚು. ಓಡಾಡಿದ ಕಾಲುಗಳ ಸ್ನಾಯುಗಳನ್ನು ಹಿಡಿದಿಡುವ ನಾರಿನಂಥ ಸಸಾರಜನಕಕ್ಕೆ ಕೊಲಾಜೆನ್ ಎಂದು ಹೆಸರು. ಅದು ಸುಮಾರು 70 ಡಿಗ್ರಿ ಸೆಲ್ಸಿಯಸ್ ಮೇಲಿನ ಕಾವಿನಲ್ಲಿ, ನೀರಿನಲ್ಲಿ, ಗಂಟೆಗಟ್ಟಲೆ ಇದ್ದರೆ ಮಾತ್ರ ಚೆನ್ನಾಗಿ ಸಡಿಲಗೊಂಡು ಜೆಲಟಿನ್ ಆಗಿ ಸಾರಿಗೆ ಇಳಿಯುತ್ತದೆ. ತುಟಿಗೆ ತುಸು ಅಂಟುವ ಗುಣ ಸಾರಿಗೆ ಬರುವುದು ಇದರಿಂದಲೇ. ಜೋರು ಬೆಂಕಿಯಲ್ಲಿ ಕುದಿಸಿದರೆ ನಾರು ಸಡಿಲಾಗುವ ಮೊದಲೇ ಮಾಂಸ ಬಿಗಿದು ರಬ್ಬರಿನಂತಾಗುತ್ತದೆ. ಹೀಗೆ ನಿಧಾನವನ್ನು ಬೇಡಿದ್ದು ಅಡುಗೆಯವರ ವ್ಯವಧಾನವಲ್ಲ, ಕೋಳಿಯೇ.

ಆ ನಿಧಾನಕ್ಕೆ ಬೇಕಾದ ಕಾವು ಅಡಿಕೆ, ತೆಂಗಿನ ಈ ಸೀಮೆಯಲ್ಲಿ ಖರ್ಚಿಲ್ಲದೆ ಸಿಗುತ್ತಿತ್ತು. ತೆಂಗಿನ ಮಡಲು ಮತ್ತು ಅಡಿಕೆ ಸಿಪ್ಪೆ ಬೇಗ ಉರಿದು ಹೋದರೂ ಗೆರಟೆ, ಅಂದರೆ ತೆಂಗಿನ ಚಿಪ್ಪು, ಉರಿ ಇಳಿದ ಮೇಲೂ ಬಹಳ ಹೊತ್ತು ಕೆಂಡವಾಗಿ ಉಳಿಯುತ್ತದೆ. ಆ ಕೆಂಡದ ಮೇಲೆ ದಪ್ಪ ಮೈಯ ಮಣ್ಣಿನ ಅಳಗೆಯನ್ನಿಟ್ಟು ಮುಚ್ಚಿದರೆ ಸಾರು ಕುದಿಯದೆ, ಆದರೆ ಆರದೆ, ಅಂಚಿನಲ್ಲಿ ಮಾತ್ರ ಮಿಸುಕುತ್ತಿರುತ್ತದೆ. ತೆಂಗಿನಹಾಲನ್ನು ಕೊನೆಗೆ ಸೇರಿಸುವುದು ಕೂಡ ಈ ತಿಳಿವಳಿಕೆಯ ಭಾಗ, ಏಕೆಂದರೆ ಜೋರು ಕುದಿಯಲ್ಲಿ ಅದು ಒಡೆದು ಎಣ್ಣೆ ಬೇರೆ, ನೀರು ಬೇರೆ ಆಗುತ್ತದೆ.

ಬಾಣಂತಿಯರಿಗೆ, ಜ್ವರದಿಂದ ಎದ್ದವರಿಗೆ ಮಾಡುವ ತೆಳು ಸಾರಿನಲ್ಲಿ ಮಾತ್ರ ಕೆಂಪು ಮೆಣಸು ಹಿಂದೆ ಸರಿದು ಒಳ್ಳೆಮೆಣಸು, ಜೀರಿಗೆ, ಬೆಳ್ಳುಳ್ಳಿ ಮುಂದೆ ಬರುತ್ತವೆ. ಮೆಣಸಿನಕಾಯಿ ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದ ಬೆಳೆಯಾದ್ದರಿಂದ, ಅದಕ್ಕೂ ಮೊದಲು ಮೆಣಸು ಎಂದರೆ ಬಳ್ಳಿಯ ಮೆಣಸೇ ಆಗಿತ್ತು. ಹೊಸ ಮೆಣಸು ಹೆಸರನ್ನು ಕಿತ್ತುಕೊಂಡ ಮೇಲೆ ಹಳೆಯದಕ್ಕೆ ಕನ್ನಡದಲ್ಲಿ ಒಳ್ಳೆಮೆಣಸು, ತುಳುವಿನಲ್ಲಿ ಎಡ್ಡೆ ಮುಂಚಿ ಎಂದು ಗುಣವಾಚಕ ಅಂಟಿತು. ರೋಗಿಯ ಸಾರಿನಲ್ಲಿ ಹಳೆಯ ಖಾರ ಉಳಿದುಕೊಂಡಿದೆ ಎಂದು ಹೇಳಲು ಅಡ್ಡಿಯಿಲ್ಲ.

ಸ್ಲೋ ಕುಕ್ಕರ್ ಎಂಬ ವಿದ್ಯುತ್ ಪಾತ್ರೆಯ ಮೂಲವೂ ಗೆರಟೆಯ ಕೆಂಡದಂಥ ಉಳಿಕೆ ಕಾವಿನಲ್ಲಿದೆ. ಲಿಥುವೇನಿಯಾದ ಯಹೂದಿಗಳು ಶನಿವಾರದ ಸಬ್ಬತ್ ದಿನ ಒಲೆ ಹಚ್ಚುವಂತಿಲ್ಲವಾದ್ದರಿಂದ ಶುಕ್ರವಾರ ಸಂಜೆಯೇ ಚೋಲಂಟ್ ಎಂಬ ಸಾರಿನ ಮಡಕೆಯನ್ನು ಬೇಕರಿಯ ಆರುತ್ತಿರುವ ಒಲೆಯಲ್ಲಿ ಇರಿಸುತ್ತಿದ್ದರು. ತಾಯಿ ಹೇಳಿದ ಈ ಕತೆಯಿಂದ ಪ್ರೇರಿತನಾದ ಅಮೆರಿಕದ ಇರ್ವಿಂಗ್ ನ್ಯಾಕ್ಸನ್ 1940ರಲ್ಲಿ ಇಂಥ ಪಾತ್ರೆಗೆ ಪೇಟೆಂಟ್ ಪಡೆದನು; ರೈವಲ್ ಕಂಪನಿ ಅದನ್ನು 1971ರಲ್ಲಿ ಕ್ರಾಕ್‌ಪಾಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಗೆರಟೆ ಕೆಂಡದ ಮೇಲಿನ ಅಳಗೆಗೂ ಅದಕ್ಕೂ ತತ್ವದಲ್ಲಿ ಭೇದವಿಲ್ಲ.

ಈ ಮೂರು ತಾಲ್ಲೂಕುಗಳಲ್ಲಿ ಕೆಂಡದ ಜಾಗಕ್ಕೆ ಬಂದದ್ದು ಸ್ಲೋ ಕುಕ್ಕರ್ ಅಲ್ಲ, ಗ್ಯಾಸ್ ಒಲೆ ಮತ್ತು ಸೀಟಿಯ ಕುಕ್ಕರ್. ಅವುಗಳ ಜೊತೆಗೇ ಬಂದ ಬ್ರಾಯ್ಲರ್ ಕೋಳಿಯು ಆರೇ ವಾರಗಳಲ್ಲಿ ಸುಮಾರು ಎರಡು ಕಿಲೋ ತೂಗಿ, ಅರ್ಧ ಗಂಟೆಯಲ್ಲಿ ಬೆಂದು, ನಿಧಾನದ ಅಗತ್ಯವನ್ನೇ ತೆಗೆದುಹಾಕಿತು. ನಡುವಿನ ದಾರಿಯಾಗಿ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ತಳಿಗಳು ಹಿತ್ತಿಲಿನ ಸಾಕಣೆಗೆ ದೊರೆತಿವೆ.

ಈಗ ಸ್ಲೋ ಕುಕ್ಕರ್ ಕೊಂಡವರು ಗಮನಿಸಬೇಕಾದ ಸಂಗತಿಗಳು ಹೆಚ್ಚಿಲ್ಲ. ಮಂಜುಗಟ್ಟಿದ ಕೋಳಿಯನ್ನು ನೇರವಾಗಿ ಹಾಕಿದರೆ ಅದು ಬಹಳ ಹೊತ್ತು ಉಗುರುಬೆಚ್ಚಗೇ ಉಳಿದು ರೋಗಾಣುಗಳಿಗೆ ಎಡೆಯಾಗುತ್ತದೆ, ಆದ್ದರಿಂದ ಪೂರ್ತಿ ಕರಗಿಸಿಯೇ ಹಾಕಬೇಕು. ಊರ ಕೋಳಿಗೆ ಸಣ್ಣ ಕಾವಿನಲ್ಲಿ ಆರರಿಂದ ಎಂಟು ಗಂಟೆ ಕೊಡಬೇಕು. ತೆಂಗಿನಹಾಲು ಕಡೆಯ ಕಾಲು ಗಂಟೆಯಲ್ಲಿ ಸೇರಬೇಕು. ಸೇಮಿಗೆ ಪಾತ್ರೆಯೊಳಗೆ ಹೋಗಲೇಬಾರದು, ತಟ್ಟೆಯಲ್ಲಿಯೇ ಸಾರನ್ನು ಕಾಯಬೇಕು. ಬ್ರಾಯ್ಲರನ್ನು ಅದೇ ಎಂಟು ಗಂಟೆ ಇಟ್ಟರೆ ಮಾಂಸ ಹಿಂಜಿದ ಹತ್ತಿಯಂತಾಗುವುದೇ ಹೊರತು ಊರ ಕೋಳಿಯ ಸಾರಿನ ಮೈ ಅದಕ್ಕೆ ಬರುವುದಿಲ್ಲ.