ತವರಿಗೆ ಬರುವ ಹೆಜ್ಜಾರ್ಲೆ

ಮದ್ದೂರು ತಾಲ್ಲೂಕಿನ ನಮ್ಮ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅಂತಲೇ ನಮ್ಮತ್ತೆ ಅನ್ನೋದು. ಮೀನಿನ ವಾಸನೆ, ಗಲಾಟೆ ಎಲ್ಲ ಇದೆ. ಹಿಕ್ಕೆ ಮಾತ್ರ ಹೊಲಕ್ಕೆ ಒಳ್ಳೆಯ ಗೊಬ್ಬರ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು.

ಗೂಡಿನಿಂದ ಬಿದ್ದ ಮರಿಯನ್ನು ತಾಯಿ ಮತ್ತೆ ಎತ್ತಿಕೊಳ್ಳಲಾರದು. ಊರ ಹುಡುಗರೇ ಅದನ್ನು ಬೇಲಿಯೊಳಗಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುತ್ತಾರೆ. ಇದಕ್ಕಿಂತ ದೊಡ್ಡ ಕೆಲಸ ನಾನು ಕಂಡಿಲ್ಲ. ನನ್ನ ಚಿಂತೆ ನೀರಿನದು: ಹಕ್ಕಿಗಳು ಮೀನು ಹಿಡಿಯುವ ಶಿಂಷಾ ನದಿ, ಸುತ್ತಲ ಕೆರೆಗಳು ಕೊಳಕಾದರೆ ಮರವೊಂದನ್ನೇ ಉಳಿಸಿ ಏನು ಬಂತು?

ನೋಡಲು ಬರುವವರು ಮರದಡಿ ಕೂಗಾಡಬೇಡಿ, ಡ್ರೋನ್ ಹಾರಿಸಬೇಡಿ. ತಾಯಿ ಬೆದರಿ ಎದ್ದರೆ ಮೊಟ್ಟೆ ಬಿಸಿಲಿಗೆ ಕಾಯುತ್ತದೆ, ಇಲ್ಲವೇ ಕಾಗೆಯ ಪಾಲಾಗುತ್ತದೆ.